ಕ್ರಷರ್ ನಿಂತ ಮೇಲೆ ಆಡುವ ಮಾತು

ಕಟಕಟ, ಕಟಕಟ. ಮೇಷ್ಟ್ರ ಕೋಣೆಯ ಹಳೇ ಫ್ಯಾನು ಹಲ್ಲು ಕಡಿಯುತ್ತಿತ್ತು. ಹುಡುಗಿ ಒಳಗೆ ಬಂದವಳೇ ಗೋಡೆಯ ಸ್ವಿಚ್ ಆರಿಸಿ, ಅವರ ಎದುರಿಗೆ ನಿಂತು, ಆಮೇಲೆ ಬಾಯಿ ತೆರೆದಳು.

"ಸರ್, ನನ್ನ ಸಂಶೋಧನೆ ವಿಷಯಕ್ಕೆ ಒಪ್ಪಿಗೆ ಕೊಡಿ."

"ಫ್ಯಾನು ನಿಮ್ಮಪ್ಪಂದೇನಮ್ಮಾ?" ಎಂದರು ಮೇಷ್ಟ್ರು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ.

ನಾಲಿಗೆ ಕಚ್ಚಿಕೊಂಡು ಮತ್ತೆ ಹಾಕಿದಳು. ಬೇಕೆಂದು ಮಾಡಿದ್ದಲ್ಲ. ಅವಳ ಹಳ್ಳಿಯ ನೆತ್ತಿಯ ಮೇಲೇ ಜಲ್ಲಿ ಕ್ರಷರ್ ಕೂತಿತ್ತು. ಬೆಳಗ್ಗೆ ಗುಡ್ಡ ಅಗಿಯಲು ತೊಡಗಿದರೆ ಕತ್ತಲಾಗುವವರೆಗೂ ಊರಲ್ಲಿ ಅದರದೇ ಮಾತು. ಜನ ತಮ್ಮ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದರು. ಊಟದ ಹೊತ್ತಿಗೆ ಕ್ರಷರ್ ನಿಂತಿತೋ, ಊರಿಗೆ ಊರೇ ಒಟ್ಟಿಗೆ ಬಾಯಿ ಬಿಡುತ್ತಿತ್ತು: ಬೈಗುಳ, ಮದುವೆ ಮಾತು, ಜಗಳದ ರಾಜಿ, ಎಲ್ಲ ಆಗಲೇ. ಅದು ಓಡುವಾಗ ಮಾತಾಡುವವನು ಒಂದೋ ಹುಚ್ಚ, ಇಲ್ಲವೋ ಹೊರಗಿನವನು.

ಅವಳ ಅಮ್ಮ ಅದರ ಬಾಯಿಗೆ ಕಲ್ಲು ಸುರಿಯುತ್ತ ಸುರಿಯುತ್ತ ಕಿವಿ ಮಂದವಾಗಿ ಮೊದಲು ಹಕ್ಕಿಗಳನ್ನು ಕಳೆದುಕೊಂಡಳು, ಆಮೇಲೆ ಬಾಗಿಲು ಬಡಿಯುವವರನ್ನು, ಕೊನೆಗೆ ಮಗಳನ್ನು. "ಯಾಕೇ ಕಳ್ಳಿ ಥರ ಪಿಸುಗುಡ್ತೀಯ?" ಎಂದು ಗದರುತ್ತಿದ್ದಳು. ಮಗಳು ಗಂಟಲು ಏರಿಸುತ್ತಲೇ ಬೆಳೆದಳು. ಹಾಸ್ಟೆಲಿನಲ್ಲಿ ಅವಳ ಹೆಸರು ಮೈಕು. "ಮೈಕು, ಸ್ವಲ್ಪ ವಾಲ್ಯೂಮ್ ಇಳಿಸೇ" ಎಂದು ಗೆಳತಿಯರು ನಕ್ಕರೆ ಅವಳೂ ನಗುತ್ತಿದ್ದಳು, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು.

ಕಾಲೇಜಿನ ಲೈಬ್ರರಿಯಲ್ಲಿ ಜನ ಪಿಸುಮಾತಿನಲ್ಲೇ ಒಬ್ಬರಿಗೊಬ್ಬರು ಕೇಳಿಸಿಕೊಳ್ಳುವುದನ್ನು ಮೊದಲ ಸಲ ನೋಡಿದ ದಿನ ಅವಳ ಮೈ ಉರಿದುಹೋಗಿತ್ತು. ಇಷ್ಟು ಸುಲಭದ ಸುಖವನ್ನು ನಮ್ಮೂರಿನಿಂದ ಕಿತ್ತುಕೊಂಡವರು ಯಾರು? ಆ ಉರಿಯೇ ಅವಳ ಸಂಶೋಧನೆಯ ವಿಷಯವಾಯಿತು: ಕ್ರಷರ್ ಸುತ್ತಲಿನ ಹಳ್ಳಿಗಳಲ್ಲಿ ಕಿವುಡು ಮತ್ತು ಸಂಸಾರ.

"ಕಿವಿ ಡಾಕ್ಟರ ಕೆಲಸ. ನಮ್ಮದು ಸಮಾಜಶಾಸ್ತ್ರ," ಎಂದರು ಮೇಷ್ಟ್ರು. "ಹಳ್ಳಿ ಹುಡುಗಿ ನೀನು. ಜೋಗುಳ ಸಂಗ್ರಹ ಮಾಡು. ಹೂವೆತ್ತಿದ ಹಾಗೆ ಮುಗಿಯುತ್ತೆ. ಇವತ್ತೇ ಒಪ್ಪಿಗೆ ಕೊಡ್ತೀನಿ."

"ನಮ್ಮೂರಲ್ಲಿ ಜೋಗುಳ ಹಾಡಲ್ಲ ಸರ್. ಹಾಡಿದರೂ ಮಗುಗೆ ಕೇಳಿಸಲ್ಲ. ಬೆನ್ನು ತಟ್ಟಿ ಮಲಗಿಸ್ತಾರೆ."

"ಮೆಲ್ಲಗೆ ಹೇಳಮ್ಮಾ. ನಾನೇನು ಕಿವುಡನಾ?"

"ನೀವಲ್ಲ ಸರ್. ನಮ್ಮಮ್ಮ."

ಮೇಷ್ಟ್ರು ಕನ್ನಡಕ ತೆಗೆದರು. ಮುಖ ಮೆತ್ತಗಾಯಿತು. ಒಪ್ಪಿಬಿಟ್ಟರೇನೋ ಎಂದುಕೊಂಡಳು ಅವಳು.

"ಅಯ್ಯೋ ಪಾಪ. ಚೂರೂ ಕೇಳಿಸಲ್ವಾ? ಹಾಗಾದರೆ ಇನ್ನೂ ಒಳ್ಳೇದಾಯ್ತು ನೋಡು. 'ಕಿವುಡಿಯ ಜೋಗುಳ.' ಅಮ್ಮನ ಕೈಲಿ ಎರಡು ಹಾಡಿಸಿ ರೆಕಾರ್ಡ್ ಮಾಡು. ಓದಿದವರ ಕಣ್ಣಲ್ಲಿ ನೀರು ಬರಬೇಕು."

ಅವಳಿಗೆ ಅಮ್ಮನ ಮುಖ ಕಂಡಿತು. ಏನೆಂದು ತಿಳಿಯದೆ ಎಲ್ಲರ ಮಾತಿಗೂ ತಲೆಯಾಡಿಸಿ ನಗುವ ಮುಖ. ತನ್ನ ಸ್ವಂತ ಅಣ್ಣ ಸತ್ತ ಸುದ್ದಿಗೂ ಹಾಗೇ ನಕ್ಕುಬಿಟ್ಟಿದ್ದ ಮುಖ.

"ಇಲ್ಲ ಸರ್. ವಿಭಾಗದ ಮುಖ್ಯಸ್ಥರನ್ನೇ ಕೇಳ್ತೀನಿ."

"ಕೇಳಿ ಏನು ಮಾಡ್ತೀಯ? ವರ್ಷ ಹಾಳಾಗುತ್ತೆ. ಕೂತ್ಕೋ, ಹೇಳ್ತೀನಿ. ಹಳ್ಳಿ ಅಂದ್ರೆ ಬರೀ ದೂರು ಅಲ್ಲಮ್ಮ, ಅಲ್ಲೊಂದು ಸೊಗಸಿದೆ. ಅದನ್ನ ನಿನ್ನಂಥವಳು ಬಿಟ್ಟರೆ ಇನ್ಯಾರು..."

ಚೀಲವನ್ನು ಹೆಗಲಿಗೆ ಎಸೆದುಕೊಂಡಳು. ಮೇಷ್ಟ್ರು ಇನ್ನೂ ಸೊಗಸಿನಲ್ಲೇ ಇದ್ದರು. ಅವಳು ಆಗಲೇ ವರಾಂಡದಲ್ಲಿ, ಮುಖ್ಯಸ್ಥರ ಬಾಗಿಲಿನ ಕಡೆ ದಪದಪ ಹೆಜ್ಜೆ ಹಾಕುತ್ತಿದ್ದಳು.