ನಾಲಿಗೆಯ ತೂಕ

ಕೊಟ್ಟೂರಿನಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಹಂಪೇಶನಿಗೆ ಊರವರು ಇಟ್ಟ ಹೆಸರು ಹಗುರ ಹಂಪಣ್ಣ. ಆಳೇನೂ ಹಗುರವಲ್ಲ, ಎಂಬತ್ತೆರಡು ಕೆ.ಜಿ. ಇದ್ದಾನೆ. ನಮ್ಮ ಕಡೆ ಹಗುರ ಎಂದರೆ ಭಾರವಿಲ್ಲದ್ದೂ ಹೌದು, ನಿಧಾನವೂ ಹೌದು. ಬಸ್ಸು ಹತ್ತಿದರೆ ಡ್ರೈವರಿಗೆ, ಆಟೊ ಹತ್ತಿದರೆ ಆಟೊದವನಿಗೆ, ಹೆಂಡತಿ ಸ್ಟೂಲ್ ಮೇಲೆ ನಿಂತು ಅಟ್ಟದ ಡಬ್ಬಿ ತೆಗೆದರೆ ಅವಳಿಗೆ, ಎಲ್ಲರಿಗೂ ಅವನದು ಒಂದೇ ಮಾತು: "ಹಗುರಕ, ಹಗುರಕ!"

ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನು ಹೆದರದ ವಸ್ತು ಕಡಿಮೆ. ಗ್ಯಾಸ್ ಸಿಲಿಂಡರಿಗೆ ಹೆದರುತ್ತಿದ್ದ, ಲಿಫ್ಟಿಗೆ ಹೆದರುತ್ತಿದ್ದ. ಅಂಗಡಿಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಅರ್ಧ ದಾರಿಗೆ ಹೋದವನು ವಾಪಸು ಬಂದು ನಾಲ್ಕನೇ ಸಲ ಜಗ್ಗುತ್ತಿದ್ದ. ಅವನ ಹಳೆಯ ಬೊಲೆರೊ ನಲವತ್ತರ ಮೇಲೆ ಓಡಿದ್ದನ್ನು ಕಂಡವರಿಲ್ಲ. "ಎಮ್ಮಿಗೋಳು ಹಾರ್ನ್ ಹೊಡಿಯಾಕತ್ಯಾವು, ಸೈಡ್ ಕೊಡ್ರಿ" ಎಂದು ಹೆಂಡತಿ ಪುಷ್ಪಲತಾ ನಗುತ್ತಿದ್ದಳು. ಅವಳು ಯಾವುದಕ್ಕೂ ಹೆದರಿದವಳಲ್ಲ, ಹೆದರಿದ್ದರೂ ಬಾಯಿಬಿಟ್ಟು ಹೇಳಿದವಳಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಇಪ್ಪತ್ತೇಳು ವರ್ಷ ಇಬ್ಬರೂ ಹೀಗೇ ಕಳೆದಿದ್ದರು.

ಇಂಥವನು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಯನ್ನು ಹುಡುಕತೊಡಗಿದಾಗ ಊರು ನಕ್ಕಿತು. ಕಾರಣ ಗೊತ್ತಿದ್ದರೆ ನಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಪುಷ್ಪಲತಾಗೆ ಕರುಳಿನ ದೊಡ್ಡ ಆಪರೇಷನ್ ಆಗಿ, ಹೊಟ್ಟೆಯ ಪಕ್ಕಕ್ಕೆ ಒಂದು ಚೀಲ ಬಂತು. ಮಲವೆಲ್ಲ ಆ ಚೀಲಕ್ಕೇ. ಹೊತ್ತು ಹೊತ್ತಿಗೆ ತೆಗೆದು ತೊಳೆಯಬೇಕು, ಅದಕ್ಕೊಂದು ಮರೆ ಬೇಕು, ನೀರು ಬೇಕು. ಅಂದಿನಿಂದ ಅವಳು ಮದುವೆ ಮುಂಜಿ ಬಿಟ್ಟಳು, ತವರುಮನೆಯನ್ನೂ ಬಿಟ್ಟಳು. ಬಸ್‌ಸ್ಟ್ಯಾಂಡಿನ ಕಕ್ಕಸು, ಲಾಡ್ಜಿನ ಬಚ್ಚಲು ನೆನೆದರೇ ಅವಳ ಮುಖ ಸಣ್ಣದಾಗುತ್ತಿತ್ತು. ಅವಳಿಗಿದ್ದ ಆಸೆ ಒಂದೇ. ಒಂದು ಸಲ ಸಮುದ್ರ ನೋಡಬೇಕು, ನೀರಿನಲ್ಲಿ ಕಾಲಿಟ್ಟು ನಿಲ್ಲಬೇಕು.

ಹೋದ ತಿಂಗಳು ದಾವಣಗೆರೆಯ ಡಾಕ್ಟರು ಸ್ಕ್ಯಾನ್ ನೋಡಿ ಹಂಪೇಶನನ್ನು ಮಾತ್ರ ಒಳಗೆ ಕರೆದರು. ಕಾಯಿಲೆ ತಿರುಗಿ ಬಂದಿದೆ, ಈಗ ಪಿತ್ತಜನಕಾಂಗದಲ್ಲಿದೆ, ಬರುವ ತಿಂಗಳು ಮೊದಲ ಸೋಮವಾರ ಕರೆದುಕೊಂಡು ಬನ್ನಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವಳ ಹತ್ತಿರ ಬರುವಷ್ಟರಲ್ಲಿ ಹಂಪೇಶನ ಬಾಯಿ ಒಣಗಿ ಹೋಗಿತ್ತು. "ಎಲ್ಲಾ ಚಲೋ ಐತಂತ, ಬರೂ ತಿಂಗಳ ಮೊದಲ್ನೇ ಸೋಮವಾರ ಸುಮ್ನ ಒಮ್ಮಿ ತೋರಿಸ್ಬೇಕಂತ" ಎಂದುಬಿಟ್ಟ. ಮರುದಿನದಿಂದಲೇ ಮನೆಗಾಡಿಯ ಹುಡುಕಾಟ ಶುರುವಾಯಿತು.

ಹಗರಿಬೊಮ್ಮನಹಳ್ಳಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವವರೊಬ್ಬರು ಕಬ್ಬಿಣದಲ್ಲಿ ಗಟ್ಟಿಮುಟ್ಟಾಗಿ ಕಟ್ಟಿಕೊಡುತ್ತೇವೆ ಎಂದರು. ಹದಿನಾರು ಕ್ವಿಂಟಲ್ ಆಗುತ್ತದೆ ಎಂದು ಕೇಳಿ ಹಂಪೇಶನ ಎದೆ ಝಲ್ಲೆಂದಿತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಕಾರು ಮನೆಯನ್ನು ನಿಲ್ಲಿಸುವುದಿಲ್ಲ, ಮನೆಯೇ ಕಾರನ್ನು ತಳ್ಳಿಕೊಂಡು ಹೋಗುತ್ತದೆ. ಹರಪನಹಳ್ಳಿಯಲ್ಲಿ ಇನ್ನೊಂದಿತ್ತು, ಹಗುರವೇ, ಆದರೆ ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ. ನಮ್ಮ ಬಯಲುಸೀಮೆಯ ಆಷಾಢದ ಗಾಳಿ ಅವನಿಗೆ ನೆನಪಾಯಿತು. ಅದನ್ನೂ ಬಿಟ್ಟ. ಕೊನೆಗೆ ಸಿಕ್ಕಿದ್ದು ಹಡಗಲಿಯ ಫೋಟೊಗ್ರಾಫರ್ ಪ್ರವೀಣಕುಮಾರನ ಹತ್ತಿರ. ಹಳ್ಳಿಯ ಮದುವೆಗಳಲ್ಲಿ ಮದುಮಗಳ ಮೇಕಪ್ ಕೋಣೆಯಾಗಲಿ ಎಂದು ಅವನು ತಂದಿದ್ದ ಪುಟ್ಟ ಫೈಬರ್ ಗಾಡಿ. ಎರಡೇ ಚಕ್ರ. ಒಳಗೆ ಇಬ್ಬರು ಮಲಗುವ ಮಂಚ, ಮೂಲೆಯಲ್ಲಿ ಸಣ್ಣ ಬಚ್ಚಲು. ಪುಷ್ಪಲತಾ ಆ ಬಚ್ಚಲಿನ ನಲ್ಲಿ ತಿರುಗಿಸಿದಳು, ನೀರು ಬಂತು. ಬಾಗಿಲು ಹಾಕಿ ತೆಗೆದು, ಚಿಲಕ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ ನಕ್ಕಳು. ಹಂಪೇಶನಿಗೆ ಅಷ್ಟು ಸಾಕಾಗಿತ್ತು.

ಆದರೂ ಅವನು ಹಂಪೇಶನಲ್ಲವೇ! ಮೆಕ್ಕೆಜೋಳ ತೂಗುವ ವೇಬ್ರಿಜ್ಜಿನ ಮೇಲೆ ಆ ಗಾಡಿಯನ್ನು ನಿಲ್ಲಿಸಿ ತೂಗಿಸಿದ. ಆರೂವರೆ ಕ್ವಿಂಟಲ್. ಅಷ್ಟನ್ನು ಬೊಲೆರೊ ಎಳೆಯುತ್ತದೆ ಎಂದು ಮೂವರ ಬಾಯಿಂದ ಹೇಳಿಸಿಕೊಂಡ. ಕಾಗದಪತ್ರ ಎರಡು ಸಲ ಓದಿಸಿದ. ಗಾಡಿಯ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಮೊಬೈಲಿಗೆ ತೋರಿಸಿ ಕನ್ನಡ ಮಾಡಿಸಿಕೊಂಡ. ಎಲ್ಲ ತಿಳಿಯಿತು, ಒಂದು ಸಾಲು ಮಾತ್ರ ತಿಳಿಯಲಿಲ್ಲ: "ನಾಲಿಗೆಯ ತೂಕ ಒಟ್ಟು ತೂಕದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು."

ಗಾಡಿಗೆ ಎಲ್ಲಿಯ ನಾಲಿಗೆ? ಪ್ರವೀಣಕುಮಾರನನ್ನು ಕೇಳಲು ಸಂಕೋಚವಾಗಿ, ಓಣಿಯ ಕರಿಸಿದ್ದಪ್ಪನನ್ನು ಕೇಳಿದ. ಎಪ್ಪತ್ತೈದು ದಾಟಿದ ಕರಿಸಿದ್ದಪ್ಪ ಒಂದು ಕಾಲಕ್ಕೆ ಸುತ್ತ ಹತ್ತು ಹಳ್ಳಿಗೆ ಎತ್ತಿನ ಗಾಡಿ ಮಾಡಿಕೊಟ್ಟವನು. ಗಾಡಿಯನ್ನು ಸುತ್ತುಹಾಕಿ, ಮುಂದಿನ ಕೊಂಡಿಯ ಕಂಬಿಯನ್ನು ಮುಟ್ಟಿದ.

"ನಾಲಿಗಿ ಅಂದ್ರ ಇದಾ ಮೂಕಿ. ಮೂಕಿ ಯಾವಾಗ್ಲೂ ಹಗುರ ಇರ್ಬೇಕಪ. ಮುಂದ ಭಾರ ಬಿತ್ತಂದ್ರ ನೊಗ ಎತ್ತಿನ ಕೊಳ್ಳಾಗ ಕುಂದರ್ತೈತಿ, ಹುಣ್ಣಾಗ್ತೈತಿ. ಎಳಿಯೂ ಜೀವಕ್ಕ ಭಾರ ಹಾಕಬಾರ್ದು. ಎಲ್ಲಾ ಹಿಂದ ತುಂಬು."

ಹಂಪೇಶನಿಗೆ ಈ ಮಾತು ಬಹಳ ಹಿಡಿಸಿತು. ಪುಸ್ತಕ ಬೇರೆ ಏನೋ ಹೇಳುತ್ತದಲ್ಲ ಎಂದು ಒಂದು ಕ್ಷಣ ಅನಿಸಿದರೂ, ಮೊಬೈಲಿನ ಕನ್ನಡಕ್ಕಿಂತ ಕರಿಸಿದ್ದಪ್ಪನ ಕನ್ನಡವೇ ನಂಬಿಕೆಯದು ಎನಿಸಿತು. ನೀರಿನ ಎರಡು ಕ್ಯಾನು, ಅಕ್ಕಿ ಬೇಳೆ, ಒಲೆ, ಚೀಲದ ಸಾಮಾನಿನ ಪೆಟ್ಟಿಗೆ, ಎಲ್ಲವನ್ನೂ ಮನೆಗಾಡಿಯ ಹಿಂತುದಿಯಲ್ಲಿದ್ದ ಸಾಮಾನಿನ ಡಬ್ಬದಲ್ಲಿ ತುಂಬಿದ. ಕೌದಿಗಳ ಅಡಿಯಲ್ಲಿ ಡಾಕ್ಟರ ಫೈಲನ್ನೂ ಇಟ್ಟ. ಮನೆಯಲ್ಲಿ ಅವಳು ಧೂಳು ಹೊಡೆಯದ ಮೂಲೆ ಯಾವುದೂ ಇರಲಿಲ್ಲ. ಅಂಗಡಿಯಲ್ಲಿ ಇಡಲು ಹೆದರಿಕೆ. ಅದು ಕಣ್ಣಿಗೆ ಬೀಳದಿದ್ದರೆ ತನಗೂ ಸ್ವಲ್ಪ ಉಸಿರಾಡಲು ಬರುತ್ತದೆ ಎಂದುಕೊಂಡಿದ್ದ.

ಗುರುವಾರ ಬೆಳಿಗ್ಗೆ ಗಾಡಿಯನ್ನು ಎಳೆದು ನೋಡಲು ಕೂಡ್ಲಿಗಿಯ ಕಡೆ ಹೊರಟ. ಎಲ್ಲ ಸರಿಬಂದರೆ ಮರುದಿನ ಸಮುದ್ರದ ದಾರಿ. ಒಬ್ಬನೇ ಹೋಗುತ್ತೇನೆ ಎಂದರೂ ಪುಷ್ಪಲತಾ ಬಂದು ಕೂತಳು. ಕೂಡ್ಲಿಗಿಯವರೆಗೆ ಮೂವತ್ತೈದರಲ್ಲಿ ಗಾಡಿ ಸುಮ್ಮನೆ ಹಿಂದೆ ಬಂತು. ಹೈವೇ ಸೇರಿದ ಮೇಲೆ ಹಂಪೇಶ ದೇವರನ್ನು ನೆನೆದು ಅರವತ್ತಕ್ಕೆ ಒತ್ತಿದ. ಘಾಟಿನಲ್ಲಿ ಏನಾದರೂ ಆಗುವ ಬದಲು ಇಲ್ಲೇ ಗೊತ್ತಾಗಲಿ ಎಂಬ ಲೆಕ್ಕ.

ಇಳಿಜಾರು ಬಂತು. ಅದೇ ಹೊತ್ತಿಗೆ ಅದಿರಿನ ಲಾರಿಯೊಂದು ಬಲಕ್ಕೆ ಹಾದು ಮುಂದಕ್ಕೆ ಹೋಯಿತು. ಅದರ ಗಾಳಿ ಬಡಿದದ್ದೇ ತಡ, ಹಿಂದಿನ ಗಾಡಿ ಬಾಲ ಬೀಸಿತು. ಮೊದಲು ಸ್ವಲ್ಪ, ಆಮೇಲೆ ಎಡಕ್ಕೆ ಇಷ್ಟು, ಬಲಕ್ಕೆ ಅದರ ಎರಡರಷ್ಟು. ಕನ್ನಡಿಯಲ್ಲಿ ಬಿಳಿ ಗಾಡಿ ಒಮ್ಮೆ ಪೂರ್ತಿ ಕಾಣುತ್ತಿತ್ತು, ಒಮ್ಮೆ ಪೂರ್ತಿ ಮಾಯ. ಬೊಲೆರೊದ ಹಿಂಭಾಗವನ್ನು ಯಾರೋ ಹಿಡಿದು ಜಾಡಿಸುತ್ತಿದ್ದಂತಿತ್ತು. ಹಿಂದಿನಿಂದ ಇನ್ನೊಂದು ಲಾರಿಯ ಹಾರ್ನು. ಪುಷ್ಪಲತಾಳ ಒಂದು ಕೈ ಹೊಟ್ಟೆಯ ಚೀಲದ ಮೇಲೆ, ಇನ್ನೊಂದು ಬಾಗಿಲಿನ ಹಿಡಿಕೆಯ ಮೇಲೆ. ಇವಳನ್ನು ಕಾಯಿಲೆ ಒಯ್ಯುವುದಿಲ್ಲ, ನಾನೇ ಇವತ್ತು ಕೊಲ್ಲುತ್ತೇನೆ ಎಂದುಕೊಂಡ ಹಂಪೇಶ.

ಧೈರ್ಯವಂತ ಯಾವನಾದರೂ ಆಗಿದ್ದರೆ ಬ್ರೇಕನ್ನು ತುಳಿದು ಬಿಡುತ್ತಿದ್ದ, ಗಾಡಿ ಮಗುಚಿಯೇ ಬಿಡುತ್ತಿತ್ತು. ಹಂಪೇಶನ ಕಾಲು ಹೆದರಿಕೆಯಿಂದ ಮರಗಟ್ಟಿತು. ಆಕ್ಸಿಲರೇಟರ್ ಬಿಟ್ಟು ಮೇಲೆದ್ದ ಪಾದ ಗಾಳಿಯಲ್ಲೇ ನಿಂತಿತು. ಸ್ಟೇರಿಂಗ್ ಹಿಡಿದ ಕೈಗಳೂ ಅಲ್ಲಾಡಲಿಲ್ಲ. ಇಳಿಜಾರು ಮುಗಿಯುತ್ತಲೇ ವೇಗ ತಾನೇ ಇಳಿಯಿತು, ಐವತ್ತು, ನಲವತ್ತು, ಮೂವತ್ತು. ಗಾಡಿ ಮೆಲ್ಲಗೆ ನೆಟ್ಟಗಾಯಿತು. ರಸ್ತೆಯ ಅಂಚಿಗೆ ನಿಲ್ಲಿಸಿದಾಗ ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಪ್ರವೀಣಕುಮಾರನಿಗೆ ಫೋನು ಹಚ್ಚಿದ. ಸ್ಪೀಕರಿನಲ್ಲಿ ಅವನ ದನಿ ಕೇಳಿತು.

"ಸಾಮಾನು ಎಲ್ಲಿ ತುಂಬೀರಿ?"

"ಎಲ್ಲಾ ಹಿಂದ. ಮೂಕಿ ಹಗುರ ಇರ್ಲಿ ಅಂತ."

"ಅಯ್ಯ ಮಾರಾಯ, ಅದೇನು ಎತ್ತಿನ ಗಾಡಿ ಏನ್ರಿ? ಇದಕ್ಕ ಮೂತಿ ಮ್ಯಾಲೆ ಭಾರ ಬೇಕು. ಮುಂದ ಹಗುರಾತಂದ್ರ ಹಿಂದಿಂದು ಕುಣೀತೈತಿ. ಸಾಮಾನು ಮುಂದಕ್ಕ ಇಡ್ರಿ, ಏನೂ ಆಗಂಗಿಲ್ಲ."

ಹಂಪೇಶ ಫೋನಿಡುವಷ್ಟರಲ್ಲಿ ಪುಷ್ಪಲತಾ ಇಳಿದು ಹಿಂದಕ್ಕೆ ನಡೆದಿದ್ದಳು. ಡಬ್ಬದ ಬಾಗಿಲು ತೆರೆದ ಸದ್ದು ಕೇಳಿದ ಮೇಲೆ ಅವನಿಗೆ ಫೈಲು ನೆನಪಾಯಿತು.

"ಪುಷ್ಪಾ, ನೀ ಭಾರ ಎತ್ತಬ್ಯಾಡ! ನಾ ಬರ್ತೀನಿ!" ಎನ್ನುತ್ತ ಓಡಿದ.

ಅವಳು ಕೌದಿಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಫೈಲು ತೆರೆದಿತ್ತು. ಒಳಗಿನ ಇಂಗ್ಲಿಷ್ ಅವಳಿಗೆ ಬರುವುದಿಲ್ಲ. ಆದರೆ ಕಾಯಿಲೆ ತಿರುಗಿ ಬಂದಿದ್ದರೆ ಡಾಕ್ಟರನ್ನು ಕೇಳಲೆಂದು ಹಂಪೇಶ ಅಂಗಡಿಯ ಬಿಲ್ಲಿನ ಹಿಂದೆ ಮೊದಲೇ ಕನ್ನಡದಲ್ಲಿ ಬರೆದುಕೊಂಡಿದ್ದ ಚೀಟಿ ಮೇಲೆಯೇ ಇತ್ತು. ಗುಂಡಗಿನ ಅಕ್ಷರ, ಇಪ್ಪತ್ತೇಳು ವರ್ಷ ನೋಡಿದ ಅಕ್ಷರ.

ನೋವು ಬರುತ್ತದಾ? ಅದರ ಮುಂದೆ ಉತ್ತರವಿತ್ತು: ಬರಬಹುದು, ಗುಳಿಗೆ ಐತಿ.

ಅವಳಿಗೆ ಹೇಳಬೇಕಾ? ಹೇಳಬೇಕು.

ಎಷ್ಟು ದಿನ? ಅದರ ಮುಂದೆ ಏನೂ ಇರಲಿಲ್ಲ.

ಹೈವೇಯಲ್ಲಿ ಬಸ್ಸೊಂದು ಹಾದುಹೋಯಿತು. ಅವಳ ಸೆರಗು ಹಾರಿ ಇಳಿಯಿತು. ಹಂಪೇಶ ಗಾಡಿಗೆ ಕೈ ಊರಿ ನಿಂತ. ಅಳು ಬರುತ್ತಿತ್ತು, ಅವಳ ಮುಂದೆ ಅಳಲೂ ಹೆದರಿಕೆ.

"ಮೂರನೇದು ಕೇಳಲಿಲ್ಲೇನ್ರಿ?"

"ಕೇಳಾಕ ಧೈರ್ಯ ಬರ್ಲಿಲ್ಲ."

"ನನಗ ಯಾಕ ಹೇಳ್ಲಿಲ್ಲ?"

"ನಿನಗ್ಯಾಕ ಭಾರ ಅಂತ..." ಎಂದವನು ಮುಂದೆ ಹೇಳಲಾರದೆ ಅತ್ತೇಬಿಟ್ಟ.

ಅವಳು ಅಳಲಿಲ್ಲ. ಕೌದಿಯನ್ನು ಅವನ ಕೈಗೆ ಕೊಟ್ಟು, "ನೀರಿನ ಕ್ಯಾನು ತಗೊಂಡು ಮುಂದ ಇಡ್ರಿ" ಎಂದಳು. ಅವನು ಕಣ್ಣೊರೆಸಿಕೊಂಡು ಒಂದೊಂದಾಗಿ ಎಲ್ಲವನ್ನೂ ಹೊತ್ತು ಗಾಡಿಯ ಮೂತಿಯ ಕಡೆಗೆ ಸಾಗಿಸಿದ. ಕೊಂಡಿ ಸ್ವಲ್ಪ ಕೆಳಗೆ ಕುಸಿಯಿತು, ಬೊಲೆರೊದ ಹಿಂಭಾಗ ಭಾರ ತಾಳಿಕೊಂಡಿತು. ಅವನು ಸೀಟಿಗೆ ಬಂದು ನೋಡಿದರೆ ಫೈಲು ಅವಳ ತೊಡೆಯ ಮೇಲಿತ್ತು.

"ಸೋಮವಾರ ನಾನಾ ಕೇಳ್ತೀನಿ ಡಾಕ್ಟರ್‌ನ" ಎಂದಳು. "ನೀವು ಬಾಜೂಕ ಕುಂದರ್ರಿ, ಸಾಕು. ಅಲ್ಲೀಮಟ ಸಮುದ್ರ. ನಾಳೀಗಲ್ಲ, ಈಗಾ ಹೋಗೂಣು."

ಅವನು ಕೀಲಿ ತಿರುಗಿಸಿದ. ಸರ್ವಿಸ್ ರಸ್ತೆಯಲ್ಲಿ ಗಾಡಿ ತಿರುಗಿಸಿಕೊಂಡು ಕೂಡ್ಲಿಗಿ ದಾಟಿ ಕೊಟ್ಟೂರಿಗೆ ಬಂದರು. ಮನೆಯ ತಿರುವನ್ನು ಬಿಟ್ಟು ಹರಪನಹಳ್ಳಿಯ ರಸ್ತೆ ಹಿಡಿದರು. ಕನ್ನಡಿಯಲ್ಲಿ ಬಿಳಿ ಗಾಡಿ ಅಲ್ಲಾಡದೆ ಬರುತ್ತಿತ್ತು. ಹಂಪೇಶನ ಹೆದರಿಕೆಯೇನೂ ಹೋಗಿರಲಿಲ್ಲ. ಅವನು ಮೂವತ್ತೈದರಲ್ಲಿ ಓಡಿಸುತ್ತಿದ್ದ.

ಹರಪನಹಳ್ಳಿ ಇನ್ನೂ ದೂರವಿರುವಾಗ ಪುಷ್ಪಲತಾ ಫೈಲಿನ ಮೇಲಿಂದ ಕೈ ತೆಗೆದು ಅವನ ಮೊಣಕೈ ಹಿಡಿದಳು. ಅವಳ ಬೆರಳುಗಳು ತಣ್ಣಗಿದ್ದವು.

"ಹಗುರಕ ಹೋಗ್ರಿ," ಎಂದಳು. "ನನಗ ಅಂಜಿಕಿ ಆಗಾಕತ್ತೈತಿ."

ಇಪ್ಪತ್ತೇಳು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹಂಪೇಶ ಗೇರ್ ಇಳಿಸಿದ.