ಗೇಟಿನ ಮಾಲನಬಾಯಿ

ಮಾಲನಬಾಯಿಯ ದನಿ ರೈಲಿನ ಸಿಳ್ಳಿಗಿಂತ ಮೊದಲು ಕೇಳುತ್ತಿತ್ತು. ಶೇಡಬಾಳದ ಶಾಲೆಗೆ ಪಾಠ ಹೇಳಲು ಸ್ಕೂಟರಿನಲ್ಲಿ ಹೋಗುವ ನಾನು ದಿನವೂ ಅವರ ರೈಲ್ವೆ ಗೇಟು ದಾಟಬೇಕಿತ್ತು. ಗಂಡ ತೀರಿಕೊಂಡ ಮೇಲೆ ಅವನ ಕೆಲಸ ಅವರಿಗೆ ಬಂದಿತ್ತು. ಇಳಕಲ್ ಸೀರೆಯ ಮೇಲೆ ಕಿತ್ತಳೆ ಜಾಕೀಟು, ಸೊಂಟದಲ್ಲಿ ಗೇಟಿನ ಕೀಲಿ. ಹಾಕಿದ ಗೇಟಿನ ಕೆಳಗೆ ನುಸುಳುವವರು ಕಂಡರೆ ಸಾಕು: “ಏ, ಮನ್ಯಾಗ ಕಡೀ ಮಾತು ಹೇಳಿ ಬಂದೀಯೇನೋ?”

ಒಮ್ಮೆ ಯಾವುದೋ ಮುಖಂಡರ ಕಾರು ನಿಂತಿತು. ಡ್ರೈವರ್ ಇಳಿದು ದಬಾಯಿಸಿದ. “ಸಾಹೇಬ್ರಿಗೆ ಅರ್ಜೆಂಟ್ ಐತಿ, ತಗಿ ಗೇಟು.”

“ಗಾಡಿ ಬರಾಕತ್ತೈತಿ. ನಿಮ್ಮ ಸಾಹೇಬ್ರಿಗೆ ಎರಡು ತಲಿ ಅದಾವಂದ್ರ ಹೇಳು, ತಗೀತೀನಿ.”

ಕಬ್ಬಿನ ಟ್ರ್ಯಾಕ್ಟರಿನವರೆಲ್ಲ ನಕ್ಕರು. ಮಾಲನಬಾಯಿ ನಗಲಿಲ್ಲ.

ಗೇಟು ತೆಗೆದು ಹಳಿಯ ಕೆಳಗೆ ರಸ್ತೆ ಮಾಡುವ ಯೋಜನೆ ಬಂತು. ಅಳತೆಗೆ ಬಂದ ಎಂಜಿನಿಯರಿಗೆ ಅವರು ತಮ್ಮ ಕೋಣೆಯ ಗೋಡೆ ಮೇಲಿನ ಕೆಸರಿನ ಗೆರೆ ತೋರಿಸಿದರು. “ಮಳಿಗಾಲದಾಗ ಹಳ್ಳದ ನೀರು ಇಲ್ಲೀತನಕ ಬರ್ತೈತ್ರಿ. ನೀವು ಇನ್ನೂ ತಗ್ಗು ತೋಡಾಕ ಬಂದೀರಿ.”

“ಪಂಪ್ ಕೂಡಸ್ತೀವಿ ಬಾಯಿ.”

“ಮಳಿ ಬಂದ್ರ ಮೊದಲ ಹೋಗೂದು ಕರೆಂಟ್ರಿ. ಪಂಪ್ ಏನ್ ನೀವು ಕೈಲೆ ತಿರುವ್ತೀರಿ?”

ಆತ ಬರೆದುಕೊಳ್ಳಲೂ ಇಲ್ಲ.

ಕೆಳಸೇತುವೆ ಆಯಿತು. ಗೇಟು ಹೋಯಿತು, ಅದೇ ವರ್ಷ ಅವರ ನೌಕರಿಯೂ ಮುಗಿಯಿತು. ಮೊದಲ ಮಳೆಗೇ ಸೇತುವೆಯೊಳಗೆ ಎದೆಮಟ್ಟ ನೀರು. ಜನ ಹಳಿಯ ಮೇಲೇ ಹತ್ತಿ ದಾಟತೊಡಗಿದರು. ಹಾಲು ಮಾರುವ ಅಕ್ಕವ್ವ ಒಂದು ರೈಲು ಹೋಗುವ ತನಕ ಕಾದು ನಿಂತು, ಆಮೇಲೆ ಹೆಜ್ಜೆ ಇಟ್ಟಳು. ಪಕ್ಕದ ಹಳಿಯ ಮೇಲೆ ಇನ್ನೊಂದು ಬಂತು. ನಾವು ಓಡಿ ಹೋಗುವಷ್ಟರಲ್ಲಿ ಮಾಲನಬಾಯಿ ಹೆಣಕ್ಕೆ ಚಾದರ ಹೊದಿಸಿ, ನಜ್ಜುಗುಜ್ಜಾದ ಹಾಲಿನ ಕ್ಯಾನು ಹಿಡಿದು ಕೂತಿದ್ದರು.

ತಿಂಗಳ ನಂತರ ಪಂಚಾಯ್ತಿಯಲ್ಲಿ ಸಭೆ. ಅಧಿಕಾರಿಯೊಬ್ಬರು ಹೊಸ ಸುರಕ್ಷತಾ ಯೋಜನೆಯ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಮಾಲನಬಾಯಿ ಕೊಡ ಹೊತ್ತು ಬಂದು ಅವರ ಮೇಜಿನ ಮೇಲೆ ಕುಕ್ಕಿದರು. ಹಸಿರುಗಟ್ಟಿದ, ನಾರುವ ನೀರು.

“ನಿಮ್ಮ ಸೇತುವೀದು ನೀರ್ರಿ. ಅಕ್ಕವ್ವ ಇದನ್ನ ದಾಟಲಾರ್ದಕ್ಕ ಮ್ಯಾಲೆ ಹತ್ತಿದ್ಲು. ಮೊದಲ ಇದನ್ನ ತಗೀರಿ, ಆಮ್ಯಾಲೆ ಚಿತ್ರ ತೋರಸ್ರಿ.”

“ಜನರೂ ಜಾಗೃತರಾಗಿರಬೇಕಮ್ಮ” ಎಂದರು ಅಧಿಕಾರಿ.

“ನಾ ಇದ್ದೆ ಅಲ್ರಿ ಜಾಗೃತ, ಇಪ್ಪತ್ತು ವರ್ಷ! ನನ್ನ ಮಾತು ಯಾರ್ ಕೇಳಿದ್ರಿ?”

ಮಾಲನಬಾಯಿ ಅತ್ತದ್ದನ್ನು ನಾನು ಕಂಡದ್ದು ಅಂದೇ. ಸಿಟ್ಟಿಗೆ ಅತ್ತರು.

ಕೊನೆಯ ಸಲ ಸಿಕ್ಕಿದ್ದು ಅಥಣಿ ಬಸ್ ನಿಲ್ದಾಣದಲ್ಲಿ, ಕೈಯಲ್ಲಿ ಅರ್ಜಿ. “ಆ ಚಿತ್ರ ತೋರಸಿದ ಸಾಹೇಬ ಬದಲಿ ಆಗ್ಯಾನಂತ, ಸರ. ಹೊಸಬ ಬಂದಾನ. ಮತ್ತ ಮೊದಲಿಂದ ಹೇಳಬೇಕು” ಎಂದು ಬಸ್ಸು ಹತ್ತಿದರು. ದೀಪಾವಳಿಗೆ ಮುಂಚೆಯೇ ಎದೆನೋವು ಬಂದು ಹೋಗಿಬಿಟ್ಟರು.

ಈಗ ಸೇತುವೆಯ ಮುಂದೆ ಹೊಸ ಫಲಕ ನಿಂತಿದೆ: ‘ನೀರು ನಿಂತಾಗ ದಾಟಬೇಡಿ.’ ಮತ್ತೆಲ್ಲಿ ದಾಟಬೇಕೆಂದು ಅದರಲ್ಲಿ ಬರೆದಿಲ್ಲ.