ಮಾಲಿಂಗಪ್ಪನ ಅಂಟು ಬೆಲ್ಲ

ಕುಲಗೋಡದ ಮಾಲಿಂಗಪ್ಪನ ಹೆಸರು ಕೇಳಿದರೆ ಇಂದಿಗೂ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಶಾಲೆಯ ಕಟ್ಟೆ ಹತ್ತದವನು. ಕುರಿ ಕಾಯುತ್ತ ಬೆಳೆದು ಬೆಲ್ಲದ ಗಾಣ ಹಾಕಿದವನು. ನಾನೋ, ಗುರುವಿಲ್ಲದೆ ಅಕ್ಷರ ಕಲಿತು ಸರಕಾರದ ಗೆಜೆಟ್ಟನ್ನೇ ಓದುತ್ತಿದ್ದವನು.

ಸಾವಿರದ ಒಂಬೈನೂರ ಅರವತ್ತರ ಆಚೀಚೆ ಹೊಸ ನಿಯಮ ಬಂತು. ಕಬ್ಬು ಕಡಿದ ಮೇಲೆ ಕಚೇರಿಯವರು ಬಂದು ನೋಡಿ ಪರವಾನಗಿ ಕೊಡುವವರೆಗೆ ಗಾಣ ತಿರುಗಿಸುವಂತಿಲ್ಲ. ಪರವಾನಗಿಗೆ ಎಂಟು ದಿನ; ಅಷ್ಟರಲ್ಲಿ ಕಡಿದ ಕಬ್ಬು ಕೆಡುತ್ತಿತ್ತು. ಹೀಗೇ ನಡೆದರೆ ಮಾಲಿಂಗಪ್ಪ ಗಾಣ ಕಿತ್ತು ಮತ್ತೆ ಕುರಿಯ ಹಿಂದೆ ಹೋಗಬೇಕಿತ್ತು.

ಆ ನಿಯಮ ಸರಿಯೋ ತಪ್ಪೋ ಎಂದು ವಿಚಾರಿಸಲು ವಿಧಾನಸಭೆಯ ಸಮಿತಿ ಗೋಕಾಕಕ್ಕೆ ಬರುತ್ತದೆಂದು ಊರಿಗೆ ಓದಿ ಹೇಳಿದವನೇ ನಾನು. ಹನ್ನೊಂದು ಪುಟದ ಅರ್ಜಿಯನ್ನೂ ಬರೆದೆ. ಮಾಲಿಂಗಪ್ಪ ಎರಡು ಎಲೆಯ ಪೊಟ್ಟಣ ಹಿಡಿದು ಬಂದ.

“ನಿನ್ನ ಅರ್ಜಿ ಎಲ್ಲೈತೋ?” ಎಂದು ಕೆಣಕಿದೆ.

“ನಿಮ್ಮ ಕಡೆ ಐತಲ್ಲ ಕಾಕಾ. ನನಗ ಬರೂದು ಇದೊಂದ.”

ಸಮಿತಿ ಇಳಿದಿದ್ದ ಸರಕಾರಿ ಬಂಗಲೆಯಲ್ಲಿ ನಾನು ಮೂರನೆಯ ಪುಟ ಮುಟ್ಟುವಷ್ಟರಲ್ಲಿ ಅದರ ಅಧ್ಯಕ್ಷರು ಆಕಳಿಸಿದರು. “ಅಲ್ಲಿಡಿ, ಓದ್ಕೋತೀವಿ” ಎಂದರು. ನನ್ನ ಅರ್ಜಿಯ ಮೇಲೆ ಚಹಾದ ಕಪ್ಪು ಕೂತಿತು.

ಮಾಲಿಂಗಪ್ಪ ಪೊಟ್ಟಣ ಬಿಚ್ಚಿದ. “ಇದು ಕಡಿದ ದಿನಾನ ಅರದ ಕಬ್ಬಿನ ಬೆಲ್ಲರಿ. ಇದು ಪರವಾನಗಿ ಬರೂಮಟ ಎಂಟ ದಿನ ಬಿದ್ದ ಕಬ್ಬಿಂದು. ಮುಟ್ಟಿ ನೋಡ್ರಿ.”

ಮೊದಲನೆಯದು ಕಟಕ್ಕೆಂದು ಮುರಿಯಿತು. ಎರಡನೆಯದು ಅಧ್ಯಕ್ಷರ ಬೆರಳಿಗೆ ಅಂಟಿತು. ಬೆರಳಿನಿಂದ ಪೆನ್ನಿಗೆ, ಪೆನ್ನಿನಿಂದ ಮುಂದಿದ್ದ ಕಾಗದಕ್ಕೆ.

“ಏನಪ್ಪ ಇದು, ಬಿಡೋದೇ ಇಲ್ವಲ್ಲ!”

“ನಿಮ್ಮ ನಿಯಮಾನೂ ನಮ್ಮನ್ನ ಹಿಂಗ ಹಿಡಕೊಂಡೈತ್ರಿ, ಸಾಹೇಬ್ರ.”

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಮುಂದಿನ ಹಂಗಾಮಿಗೆ ಮುಂಚೆ ತಿದ್ದುಪಡಿ ಬಂತು: ವರ್ಷಕ್ಕೊಮ್ಮೆ ಪರವಾನಗಿ ಪಡೆದರೆ ಸಾಕು. ಗೆಜೆಟ್ ಹಿಡಿದು ಮಾಲಿಂಗಪ್ಪ ನನ್ನ ಮನೆಗೇ ಬಂದ. ಓದಬಲ್ಲವನು ನಾನೇ ತಾನೆ! ಓದಿ ಹೇಳಿದೆ. ಅವನ ಹೆಸರು ಎಲ್ಲಿಯೂ ಇರಲಿಲ್ಲ. ಒಳಗೊಳಗೇ ತಂಪಾಯಿತು.

“ನಿಮ್ಮ ಹೆಸರ ಹಾಕ್ಯಾರೇನ್ರಿ ಕಾಕಾ? ಹನ್ನೊಂದ ಪುಟ ಬರದಿದ್ರಿ.”

“ಇಲ್ಲ.”

“ಹಾಕಬೇಕಿತ್ತ ಬಿಡ್ರಿ” ಎಂದು ಖರೆಖರೆ ಮರುಗಿದ. ಆ ಮರುಕವೇ ನನ್ನನ್ನು ಹೆಚ್ಚು ಸುಟ್ಟಿತು.

ಗಾಣ ಹೂಡಿದ ದಿನ ಮೊದಲ ಪೆಂಟೆ ಬೆಲ್ಲ ದೇವರಿಗಿಟ್ಟು, ಎರಡನೆಯದನ್ನು ನನ್ನ ಕೈಗೆ ಕೊಟ್ಟುಹೋದ. ಅವನು ಓಣಿ ದಾಟಿದ ಮೇಲೆ, ಏನಾದರೂ ಕುಂದು ಸಿಕ್ಕೀತೆಂದು ಕಡಿದು ನೋಡಿದೆ.

ಕಟಕ್ಕೆಂದು ಮುರಿಯಿತು.